ಚಳಿಜ್ವರದ ಬೀಜ

ನನ್ನ ಅಜ್ಜಿಯ ತಮ್ಮನನ್ನು ನಾವು ಚಿಕ್ಕಜ್ಜನೆಂದು ಕರೆಯುತ್ತಿದ್ದೆವು. ಅವರು ಸ್ನಾನಕ್ಕೆ ಕುಳಿತಾಗ ಎಡಪಕ್ಕೆಯ ಕೆಳಗೆ ಮೂರು ಬರೆಗಳು ಕಾಣುತ್ತಿದ್ದುವು. ಮೂಡಿಗೆರೆಯ ಕಡೆ ಹುಟ್ಟಿದ ಅವರಿಗೆ ನಾಲ್ಕನೆಯ ವಯಸ್ಸಿನಲ್ಲಿ ಚಳಿಜ್ವರ ಹಿಡಿದಿತ್ತಂತೆ. ಗಂಜಿ ಕುಡಿದು ಎದ್ದು ಆಡುವಷ್ಟರಲ್ಲಿ ಮತ್ತೆ ನಡುಕ. ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆಯಿತು. ಅದು ಕರಗಲೆಂದು ಕಾಸಿದ ಕಬ್ಬಿಣದಿಂದ ಬರೆ ಹಾಕಿದರು. “ಕಾಲು ಹಿಡಿದುಕೊಂಡವಳು ನಾನೇ” ಎಂದಷ್ಟೇ ಹೇಳಿ ಅಜ್ಜಿ ಸುಮ್ಮನಾಗುತ್ತಿದ್ದಳು. ಅವಳ ಇನ್ನೊಬ್ಬ ತಮ್ಮ ಬರೆ ಹಾಕಿಸಿಕೊಂಡೂ ಉಳಿಯಲಿಲ್ಲ.

ಬಿಟ್ಟು ಬಿಟ್ಟು ಬರುವ ಈ ಜ್ವರವನ್ನು ನಮ್ಮ ಪ್ರಾಚೀನರು ಅರಿಯದವರಲ್ಲ. ಆಯುರ್ವೇದದಲ್ಲಿ ಇದು ವಿಷಮಜ್ವರ. ದಿನ ಬಿಟ್ಟು ದಿನ ಬಂದರೆ ತೃತೀಯಕ, ಎರಡು ದಿನ ಬಿಟ್ಟು ಬಂದರೆ ಚತುರ್ಥಕ. ನೆಲದಲ್ಲಿ ಅಡಗಿದ ಬೀಜ ಕಾಲ ಬಂದಾಗ ಮೊಳೆಯುವಂತೆ ದೋಷವು ದೇಹದಲ್ಲಿ ಅಡಗಿದ್ದು ಕೆರಳುತ್ತದೆಂದು ಚರಕಸಂಹಿತೆ ಹೇಳುತ್ತದೆ. ಇದನ್ನು ಬರಿಯ ಉಪಮೆಯೆಂದೇ ನಾನು ಬಹುಕಾಲ ತಿಳಿದಿದ್ದೆ.

ಜ್ವರಗಡ್ಡೆ ಎಂದರೆ ಊದಿದ ಗುಲ್ಮವೇ. ಯಮುನೆಯ ಕಾಲುವೆಗಳಿಂದ ಜ್ವರ ಹಬ್ಬಿತೆ ಎಂದು ವಿಚಾರಿಸಲು ನೇಮಿಸಿದ ಸಮಿತಿಯಲ್ಲಿದ್ದ ಡೆಂಪ್‌ಸ್ಟರ್ ಎಂಬ ವೈದ್ಯರು ಹಳ್ಳಿಗರ ಹೊಟ್ಟೆ ಮುಟ್ಟಿ ಗುಲ್ಮಗಳನ್ನು ಎಣಿಸಿದರು. ವರದಿ ಬಂದದ್ದು 1847ರಲ್ಲಿ. ಮುಂದೆ ಊರಿನ ಜ್ವರವನ್ನು ಅಳೆಯಲು ಮಕ್ಕಳ ಗುಲ್ಮವೇ ಅಳತೆಗೋಲಾಯಿತು. ದೊಡ್ಡವರ ಮೈ ಹಲವು ಜ್ವರಗಳನ್ನು ಕಂಡು ತಕ್ಕಮಟ್ಟಿಗೆ ಪಳಗಿರುತ್ತದೆ, ಕೂಸುಗಳದು ಪಳಗಿರುವುದಿಲ್ಲ. ಒಬ್ಬರು ಎಣಿಸಿದ ಗಡ್ಡೆಯನ್ನೇ ಇನ್ನೊಬ್ಬರು ಸುಡುತ್ತಿದ್ದರು!

1880ರಲ್ಲಿ ಲ್ಯಾವರನ್ ರೋಗಿಯ ರಕ್ತದಲ್ಲಿ ಜೀವಾಣುವನ್ನು ಕಂಡರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. (1883ರಲ್ಲಿ ಬೆಂಗಳೂರಿನ ತಮ್ಮ ಬಂಗಲೆಯ ಬಳಿ ಸೊಳ್ಳೆಮರಿಗಳಿದ್ದ ನೀರಿನ ತೊಟ್ಟಿಯನ್ನು ಬರಿದುಮಾಡಿಸಿ ಕಾಟ ತಗ್ಗಿಸಿಕೊಂಡವರೂ ಇವರೇ.) ಕ್ವಿನೈನು ಅಂಚೆಕಚೇರಿಗಳಲ್ಲೂ ಮಾರಾಟಕ್ಕೆ ಬಂತು. ಆದರೂ ಮಗುವಿನ ಜ್ವರ ಮರಳುತ್ತಿತ್ತು. ಸೊಳ್ಳೆ ಮತ್ತೆ ಕಚ್ಚಿದ್ದೂ ಉಂಟು, ಕಹಿಯೆಂದು ಮಗು ಉಗುಳಿದ್ದೂ ಉಂಟು. ಆದರೆ ಇನ್ನೊಂದು ಕಾರಣ ಸಿಕ್ಕಲು 1948ನೆಯ ಇಸವಿ ಬರಬೇಕಾಯಿತು. ಆ ವರ್ಷ ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ ಎಂಬುವರು ಜೀವಾಣು ರಕ್ತಕ್ಕಿಳಿಯುವ ಮುನ್ನ ಯಕೃತ್ತಿನಲ್ಲಿ ಬೆಳೆಯುವುದೆಂದು ತೋರಿಸಿದರು. ವೈವಾಕ್ಸ್ ಎಂಬ ಜಾತಿಯದು ಅಲ್ಲಿಯೇ ತಿಂಗಳುಗಟ್ಟಲೆ ನಿದ್ರಿಸಬಲ್ಲದೆಂಬುದು 1980ರ ಸುಮಾರಿಗೆ ಖಚಿತವಾಯಿತು. ಕ್ವಿನೈನು ರಕ್ತದಲ್ಲಿದ್ದುದನ್ನು ಕೊಲ್ಲುತ್ತಿತ್ತು, ಮಲಗಿದ್ದುದನ್ನು ಮುಟ್ಟುತ್ತಿರಲಿಲ್ಲ. ಚರಕಸಂಹಿತೆ ಸೂಕ್ಷ್ಮದರ್ಶಕವನ್ನು ಕಂಡಿತ್ತೆಂದು ನಾನು ಹೇಳುವುದಿಲ್ಲ. ಆದರೆ ಆ ಬೀಜದ ಮಾತು ಈಗ ಬರಿಯ ಉಪಮೆಯಾಗಿ ಕೇಳಿಸುವುದಿಲ್ಲ.

1953ರಲ್ಲಿ ಡಿ.ಡಿ.ಟಿ. ಸಿಂಪಡಿಸುವ ರಾಷ್ಟ್ರೀಯ ಯೋಜನೆ ಆರಂಭವಾದಾಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನ ಈ ಜ್ವರಕ್ಕೆ ಸಿಕ್ಕುತ್ತಿದ್ದರೆಂಬ ಅಂದಾಜಿತ್ತು. 1965ರ ವೇಳೆಗೆ ಲೆಕ್ಕಕ್ಕೆ ಸಿಕ್ಕವರು ಒಂದು ಲಕ್ಷ ಮಾತ್ರ. ಗೆದ್ದೆವೆಂದು ಮೈಮರೆತದ್ದೇ ತಡ, 1976ರಲ್ಲಿ ಆ ಲೆಕ್ಕ 64 ಲಕ್ಷಕ್ಕೇರಿತು.

ಮೈಮರೆಯುವುದು ಸರ್ಕಾರವೊಂದೇ ಅಲ್ಲ. ಕೆಲವು ವರ್ಷಗಳ ಹಿಂದೆ ನಾವು ಮಂಗಳೂರಿನಲ್ಲಿದ್ದಾಗ ನನ್ನ ಮಗನ ರಕ್ತದಲ್ಲಿ ವೈವಾಕ್ಸ್ ಕಂಡಿತು. ವೈದ್ಯರು ಮಗುವಿನ ತೂಕ ನೋಡಿ, ಇನ್ನೊಂದು ರಕ್ತಪರೀಕ್ಷೆಯನ್ನೂ ಮಾಡಿಸಿ, ಪ್ರಿಮಾಕ್ವಿನ್ ಮಾತ್ರೆಯನ್ನು ಹದಿನಾಲ್ಕು ದಿನ ತಪ್ಪದೆ ಕೊಡಿರೆಂದರು. ಐದನೆಯ ದಿನ ಹುಡುಗ ಅಂಗಳದಲ್ಲಿ ಚೆಂಡಾಡುತ್ತಿದ್ದ. ಏಳನೆಯ ದಿನ ನಾನೇ ಮಾತ್ರೆ ನಿಲ್ಲಿಸಿದೆ. ಎರಡು ತಿಂಗಳಿಗೆ ಮತ್ತೆ ನಡುಕ. ನೆರೆಮನೆಯವರು ದೃಷ್ಟಿ ತೆಗೆಯಿರೆಂದರು. ಮತ್ತೆ ರಕ್ತಪರೀಕ್ಷೆ, ಮತ್ತೆ ಮೊದಲಿನಿಂದ ಹದಿನಾಲ್ಕು ದಿನ.

ಆಗ ಅಜ್ಜಿ ನಮ್ಮಲ್ಲಿಗೆ ಬಂದಿದ್ದಳು. ಪ್ರತಿ ರಾತ್ರಿ ಮಾತ್ರೆ ನುಂಗಿಸಿದ ಮೇಲೆ ಮರಿಮಗನ ಅಂಗಿ ಸರಿಸಿ, ಎಡಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡುವಳು. ಕೊನೆಯ ಮಾತ್ರೆ ಮುಗಿದ ರಾತ್ರಿಯೂ ನೋಡಿದಳು. “ಮೆತ್ತಗಿದೆ” ಎಂದು ಅಂಗಿಯನ್ನು ಕೆಳಗೆಳೆದಳು.