ಬಿಳಿಗಿರಿಯ ಸೋಲಿಗರೂ ಸಂಶೋಧಕರೂ



ಇತಿಹಾಸವೆಂದೊಡನೆ ಅರಸರ ಶಾಸನಗಳೂ ಯುದ್ಧಗಳ ವರ್ಣನೆಗಳೂ ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಓಲೆಯ ಮೇಲೆ ಏರದೆ, ಬಾಯಿಂದ ಬಾಯಿಗೆ ಹರಿದುಬಂದ ಅರಿವಿಗೂ ಒಂದು ಇತಿಹಾಸವುಂಟು. ವಿದ್ಯಾವಂತರು ಅದನ್ನು ಎಂದು ಅಲಕ್ಷಿಸಿದರು, ಎಂದು ಆದರಿಸಿದರು ಎಂಬುದೂ ಇತಿಹಾಸದ ವಿಷಯವೇ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಇತ್ತೀಚಿನ ದಶಕಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ತಾವು ಅವಲೋಕಿಸಬೇಕೆಂದು ನಮ್ಮ ಬಯಕೆ.

ಈ ಬೆಟ್ಟಗಳ ಮೂಲನಿವಾಸಿಗಳು ಸೋಲಿಗರು. ಇವರ ವಸತಿಗೆ ಪೋಡು ಎಂದು ಹೆಸರು. ಮಲೆಯ ಮಹದೇಶ್ವರನಿಗೆ ಇವರು ಪರಮ ಭಕ್ತರು. ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂಬ ನಂಬಿಕೆಯಿಂದ ಬಿಳಿಗಿರಿಯ ರಂಗಸ್ವಾಮಿಯನ್ನು ರಂಗಭಾವನೆಂದು ಸಲುಗೆಯಿಂದ ಕರೆಯುವವರು. ಹಿಂದೆ ಇವರು ಕಾಡಿನ ನಡುವೆ ಸ್ಥಳ ಬದಲಿಸುತ್ತ ರಾಗಿ ಮೊದಲಾದುವನ್ನು ಬೆಳೆಯುತ್ತಿದ್ದರು. ನೆಲ್ಲಿಕಾಯಿ, ಜೇನು, ಪಾಚಿ, ಸೀಗೆ, ಅಂಟುವಾಳಗಳನ್ನು ಸಂಗ್ರಹಿಸುತ್ತಿದ್ದರು. ಬೇಸಗೆ ಬಲಿಯುವ ಮುನ್ನವೇ ನೆಲದ ಒಣ ಎಲೆಗಳಿಗೆ ಕಿಚ್ಚು ಹಚ್ಚುವ ಪದ್ಧತಿಯೂ ಅವರಲ್ಲಿತ್ತು. ಇದನ್ನು ಅವರು ತರಗುಬೆಂಕಿ ಎನ್ನುತ್ತಾರೆ. ಈ ಬೆಂಕಿ ಮರಗಳ ಎತ್ತರಕ್ಕೆ ಏರದೆ ನೆಲದಲ್ಲಿಯೇ ಹರಿದು ಆರಿಹೋಗುತ್ತಿತ್ತು. ಮಳೆ ಬಿದ್ದೊಡನೆ ಹೊಸ ಹುಲ್ಲು ಚಿಗುರುತ್ತಿತ್ತು.

1974ರಲ್ಲಿ ಈ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಸ್ಥಳ ಬದಲಿಸುವ ಬೇಸಾಯ ನಿಂತಿತು, ತರಗುಬೆಂಕಿ ಅಪರಾಧವೆನಿಸಿತು. ಕಾಡನ್ನು ಉಳಿಸಬೇಕೆಂಬ ಉದ್ದೇಶದಲ್ಲಿ ದೋಷವಿರಲಿಲ್ಲ. ಆದರೆ ಕಾಡಿನಲ್ಲಿ ಹುಟ್ಟಿ ಬೆಳೆದವರನ್ನು ಈ ವಿಷಯದಲ್ಲಿ ಯಾರೂ ವಿಚಾರಿಸಲಿಲ್ಲ ಎಂಬುದು ಗಮನಾರ್ಹ.

ಮುಂದೆ 1981ರಲ್ಲಿ ವೈದ್ಯರಾದ ಡಾ. ಎಚ್. ಸುದರ್ಶನ್ ಅವರು ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಚಿಕಿತ್ಸೆಯಿಂದ ಆರಂಭವಾದ ಸೇವೆ ಶಾಲೆಗೂ ಜೀವನೋಪಾಯಕ್ಕೂ ವಿಸ್ತರಿಸಿತು. ಈ ಸೇವೆಗಾಗಿ 1994ರಲ್ಲಿ ಅವರಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. ತೊಂಬತ್ತರ ದಶಕದಲ್ಲಿ ಪರಿಸರ ವಿಜ್ಞಾನಿಗಳೂ ಬೆಟ್ಟಕ್ಕೆ ಬಂದರು. 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಏಟ್ರೀ ಎಂಬ ಸಂಶೋಧನ ಸಂಸ್ಥೆ ಈ ಕಾರ್ಯದಲ್ಲಿ ಮುಖ್ಯವಾದುದು.

ಇವರ ಮೊದಲ ಪ್ರಶ್ನೆ ನೆಲ್ಲಿಕಾಯಿಯದು. ಸೋಲಿಗರು ಕಾಯಿ ಕೀಳುವುದರಿಂದ ಮರಗಳ ಸಂತತಿ ಕ್ಷೀಣಿಸುತ್ತಿದೆಯೇ? ಇದಕ್ಕೆ ಉತ್ತರ ಪಡೆಯಲು ವಿಜ್ಞಾನಿಗಳು ತಾವಷ್ಟೇ ಕುಳಿತು ಲೆಕ್ಕ ಹಾಕಲಿಲ್ಲ. ಸುಗ್ಗಿಗೆ ಮುನ್ನ ಸೋಲಿಗರೊಡನೆ ಕಾಡನ್ನು ಸುತ್ತಿ ಆ ವರ್ಷದ ಫಸಲನ್ನು ಅಂದಾಜು ಮಾಡುವುದು, ಕಿತ್ತ ಕಾಯಿಯನ್ನು ತೂಗಿ ಬರೆದಿಡುವುದು, ಸುಗ್ಗಿ ಮುಗಿದ ಮೇಲೆ ಎಲ್ಲರೂ ಸಭೆ ಸೇರಿ ಫಲಿತಾಂಶವನ್ನು ಚರ್ಚಿಸುವುದು, ಹೀಗೆ ಒಂದು ಕ್ರಮ ರೂಪುಗೊಂಡಿತು. ನೆಲ್ಲಿಮರಗಳಿಗೆ ಬಂದಳಿಕೆಯ ಕಾಟವೇ ದೊಡ್ಡದೆಂದೂ ಬೆಂಕಿ ನಿಂತ ಮೇಲೆ ಅದು ಹೆಚ್ಚಿತೆಂದೂ ಸೋಲಿಗರು ಹೇಳಿದರು. ಸಂಶೋಧಕರು ಆ ಮಾತನ್ನು ತಳ್ಳಿಹಾಕಲಿಲ್ಲ. ಹಾಗೆಂದು ಕಣ್ಣುಮುಚ್ಚಿ ಒಪ್ಪಲೂ ಇಲ್ಲ, ಪರೀಕ್ಷೆಗೆ ಒಡ್ಡಿದರು. ಒಬ್ಬರ ಮಾತನ್ನು ಪರೀಕ್ಷೆಗೆ ಯೋಗ್ಯವೆಂದು ತಿಳಿಯುವುದೂ ಗೌರವದ ಒಂದು ಬಗೆಯಲ್ಲವೇ?

ಎರಡನೆಯ ಪ್ರಶ್ನೆ ಲಾಂಟಾನ ಪೊದೆಯದು. ಅಮೆರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದ ಆದಿಯಲ್ಲಿ ಬ್ರಿಟಿಷರು ಹೂದೋಟದ ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಬಿಳಿಗಿರಿಯ ಕಾಡಿನಲ್ಲಿ ಗುರುತುಮಾಡಿದ ತಾಕುಗಳನ್ನು 1997ರಲ್ಲಿ ಪರಿಶೀಲಿಸಿದಾಗ ಶೇಕಡ 41ರಷ್ಟರಲ್ಲಿ ಈ ಪೊದೆ ಕಂಡುಬಂದಿತ್ತು. 2008ರಲ್ಲಿ ಅದು ಶೇಕಡ 81ಕ್ಕೆ ಏರಿತ್ತು. ತರಗುಬೆಂಕಿ ಇದ್ದಾಗ ಲಾಂಟಾನದ ಸಸಿಗಳು ಎಳೆಯವಿರುವಾಗಲೇ ಸುಟ್ಟುಹೋಗುತ್ತಿದ್ದವು, ಈಗ ಅವು ಬೆಳೆದು ಹಬ್ಬಿ, ಬೆಂಕಿ ಬಿದ್ದರೆ ಮರವನ್ನೇ ಸುಡುವ ಉರುವಲಾಗಿವೆ ಎಂಬುದು ಸೋಲಿಗರ ವಿವರಣೆ. ಹಿರಿಯರ ಈ ಮಾತುಗಳು 2012ರಲ್ಲಿ ವಿದ್ವತ್ಪತ್ರಿಕೆಗಳ ಪುಟಗಳಲ್ಲಿ ಸ್ಥಾನ ಪಡೆದವು. ಸೋಲಿಗ ಕುಲದಲ್ಲೇ ಜನಿಸಿದ ಡಾ. ಸಿ. ಮಾದೇಗೌಡರು ಸಂಶೋಧಕರಾಗಿ ಇಂತಹ ಅಧ್ಯಯನಗಳಲ್ಲಿ ಪಾಲ್ಗೊಂಡುದು ಸಂತೋಷದ ಸಂಗತಿ. ಪ್ರಶ್ನೆಗೆ ಉತ್ತರ ಹೇಳುತ್ತಿದ್ದ ಸಮುದಾಯವು ತಾನೇ ಪ್ರಶ್ನೆ ಕೇಳುವ ಸ್ಥಾನಕ್ಕೆ ಬಂದಿತು.

ಆದರೆ ಅರಿವಿಗೂ ಆಡಳಿತಕ್ಕೂ ನಡುವೆ ಅಂತರವಿತ್ತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾದ ತರುವಾಯ ಮಾರಾಟಕ್ಕಾಗಿ ಕಾಡಿನ ಉತ್ಪನ್ನ ಸಂಗ್ರಹಿಸುವುದು ನಿಷಿದ್ಧವಾಗಿ, 2006ರ ಹೊತ್ತಿಗೆ ಬಿಳಿಗಿರಿಯಲ್ಲಿ ಅದು ನಿಂತುಹೋಯಿತು. ಕಾಯಿ ಕೀಳುವುದೇ ನಿಂತ ಮೇಲೆ ತೂಗುವುದೇನು, ಬರೆಯುವುದೇನು? ವರ್ಷಗಳಿಂದ ಕಟ್ಟಿಬಂದ ಕ್ರಮ ಕಡಿದುಬಿತ್ತು. ಪೋಡುಗಳ ಆದಾಯ ಕುಸಿಯಿತು. ಕೂಲಿಯನ್ನರಸಿ ಅನೇಕರು ಬೆಟ್ಟ ಇಳಿದರು.

ಅದೇ 2006ರಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. ಹಕ್ಕು ಕೇಳುವವರು ತಮ್ಮ ನೆಲೆಗೆ ಆಧಾರ ತೋರಬೇಕಷ್ಟೆ? ಸೋಲಿಗರಲ್ಲಿ ಕಡತಗಳಿರಲಿಲ್ಲ; ಆದರೆ ಪ್ರತಿಯೊಂದು ಕುಲಕ್ಕೂ ತನ್ನ ಎಲ್ಲೆ ತಿಳಿದಿತ್ತು. ಆ ಎಲ್ಲೆಯೊಳಗೆ ದೇವರ ತಾಣ, ಮಾರಮ್ಮನ ತಾಣ, ವೀರರ ತಾಣ, ಹಿರಿಯರ ಸಮಾಧಿಗಳಾದ ಕಲ್ಲುಗುಡಿ, ನೀರಿನ ಅಬ್ಬಿಗಳಿದ್ದವು. ಹಿರಿಯರು ಮುಂದೆ ನಡೆದು ತೋರಿಸಿದರು. ಸಂಶೋಧಕರು ಉಪಗ್ರಹ ಆಧಾರಿತ ಉಪಕರಣ ಹಿಡಿದು ಆ ಸ್ಥಳಗಳನ್ನು ಗುರುತಿಸಿ ನಕ್ಷೆ ರಚಿಸಿದರು. ಸ್ಮೃತಿಯಲ್ಲಿದ್ದ ನಾಡು ಕಾಗದದ ಮೇಲೆ ಮೂಡಿತು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಒಕ್ಕಲೆಬ್ಬಿಸುವರೆಂಬ ಭೀತಿ ಪೋಡುಗಳನ್ನು ಆವರಿಸಿತು. ಆದರೆ ಅದೇ ವರ್ಷದ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿನ, 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ಲಭಿಸಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂತಹ ಹಕ್ಕು ಮಾನ್ಯವಾದುದು ಭಾರತದಲ್ಲಿ ಅದೇ ಮೊದಲು.

ಹಕ್ಕುಪತ್ರ ಬಂದೊಡನೆ ಎಲ್ಲವೂ ಸರಿಹೋಯಿತೆಂದು ಭಾವಿಸಲಾಗದು. ತರಗುಬೆಂಕಿಗೆ ಅನುಮತಿ ದೊರೆಯಲಿಲ್ಲ. ಲಾಂಟಾನ ತಾನಾಗಿ ಹಿಂದೆ ಸರಿಯಲಿಲ್ಲ. 2022ರಲ್ಲಿ ವಿಜ್ಞಾನಿಗಳು ಈ ಕಾಡಿನಲ್ಲಿ ಕಂಡ ಹೊಸ ಕುಲದ ಕಣಜವೊಂದಕ್ಕೆ ಸೋಲಿಗ ಎಂದೇ ಹೆಸರಿಟ್ಟು ಆ ಜನರನ್ನು ಗೌರವಿಸಿದರು. ಇದು ಸಂತೋಷದ ಮಾತೇ ಸರಿ. ಆದರೂ ಹೆಸರನ್ನು ಗೌರವಿಸಿದಷ್ಟು ಸುಲಭವಾಗಿ ಅವರ ಮಾತನ್ನು ಆಡಳಿತದಲ್ಲಿ ಗೌರವಿಸಿದ್ದೇವೆಯೇ ಎಂಬುದನ್ನು ತಾವೇ ಆಲೋಚಿಸಬೇಕು.

ಮಠದ ವಿದ್ಯಾರ್ಥಿನಿಲಯಗಳಲ್ಲಿ ಓದಿ ಇಂದು ಅಧ್ಯಾಪಕರಾಗಿ, ಅಧಿಕಾರಿಗಳಾಗಿ, ಸಂಶೋಧಕರಾಗಿ ಇರುವ ತಮ್ಮಲ್ಲಿ ಅನೇಕರು ಹಟ್ಟಿಗೋ ಹಾಡಿಗೋ ಪೋಡಿಗೋ ಹೋಗುವ ಸಂದರ್ಭ ಬರುತ್ತದೆ. ಆಗ ಬರೆದುಕೊಂಡು ಬರುವುದರ ಜೊತೆಗೆ, ಬರೆದುದನ್ನು ಮರಳಿ ಒಯ್ದು ಆ ಜನರ ಮುಂದೆ ಓದಿ ಹೇಳುವ ಪದ್ಧತಿಯನ್ನೂ ತಾವು ಇರಿಸಿಕೊಳ್ಳಬೇಕು. ನೆಲ್ಲಿಕಾಯಿಯ ಸುಗ್ಗಿ ಮುಗಿದ ಮೇಲೆ ಬಿಳಿಗಿರಿಯಲ್ಲಿ ಸೇರುತ್ತಿದ್ದ ಸಭೆಗಳು ಅದಕ್ಕೆ ಒಳ್ಳೆಯ ಮೇಲ್ಪಂಕ್ತಿ.