ರಗ್ಬಿ ರೆಫರಿ: ದೆಹಲಿ ವಲಯದಲ್ಲಿ ತರಬೇತಿ ಮತ್ತು ಬಡ್ತಿ

ರಗ್ಬಿ ಪಂದ್ಯವನ್ನು ಮೈದಾನದಲ್ಲಿದ್ದು ನಡೆಸುವ ತೀರ್ಪುಗಾರರೇ ರೆಫರಿ. ಅವರ ತರಬೇತಿಯನ್ನು ವರ್ಲ್ಡ್ ರಗ್ಬಿ ಸಂಸ್ಥೆ ಹಂತಹಂತವಾಗಿ ರೂಪಿಸಿದೆ. ಭಾರತದಲ್ಲಿ ಈ ಆಟದ ಹೊಣೆ 1998ರಲ್ಲಿ ಸ್ಥಾಪನೆಯಾದ ಇಂಡಿಯನ್ ರಗ್ಬಿ ಫುಟ್‌ಬಾಲ್ ಯೂನಿಯನ್‌ನದು. ನಿಯಮಗಳ ಪರೀಕ್ಷೆಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಬರೆಯಬಹುದು. ದಮ್ಮು ಅಳೆಯಲು ಬ್ರಾಂಕೊ ಓಟವಿದೆ: 20, 40, 60 ಮೀಟರ್ ಗೆರೆಗಳಿಗೆ ಓಡಿ ಮರಳುವುದು, ಹೀಗೆ ಐದು ಸುತ್ತು, ಒಟ್ಟು 1,200 ಮೀಟರ್. ಇವೆರಡನ್ನೂ ದೆಹಲಿ, ಗುರುಗ್ರಾಮ, ನೋಯ್ಡಾದಲ್ಲಿ ಇದ್ದುಕೊಂಡೇ ಸಾಧಿಸಬಹುದು. ಇಲ್ಲಿ ದುರ್ಲಭವಾದದ್ದು ಪಂದ್ಯ, ಅದರಲ್ಲೂ ಬಲ್ಲವರೊಬ್ಬರು ಗೆರೆಯಾಚೆ ನಿಂತು ನೋಡಿ, ಮುಗಿದ ಮೇಲೆ ತಿದ್ದುವ ಪಂದ್ಯ. ಬಡ್ತಿಗೆ ನಿಜವಾದ ಆಧಾರ ಅದೇ ಆಗಬೇಕು. ಚೆಂಡು ಹಿಡಿದವರನ್ನು ಕೆಡವುವ ಟ್ಯಾಕಲ್ ಆದ ಕ್ಷಣವನ್ನು ನೋಡಿ: ಕೆಡವಿದವರು ಹಿಡಿತ ಸಡಿಲಿಸಿ ಪಕ್ಕಕ್ಕೆ ಹೊರಳಬೇಕು, ಬಿದ್ದವರು ಚೆಂಡು ಬಿಡಬೇಕು, ನೆರವಿಗೆ ಬರುವವರು ಹಿಂಬದಿಯಿಂದಲೇ ಬಂದು ಕಾಲ ಮೇಲೆ ನಿಂತಿರಬೇಕು. ಮೊದಲು ತಪ್ಪಿದ್ದು ಯಾರು, ಸೀಟಿ ಊದಬೇಕೇ ಅಥವಾ ತಪ್ಪು ಮಾಡದ ತಂಡದತ್ತ ಕೈ ಚಾಚಿ, ಆಟ ಮುಂದುವರಿಯಲು ಬಿಡುವ ಅಡ್ವಾಂಟೇಜ್ ಕೊಡಬೇಕೇ ಎಂಬುದನ್ನು ರೆಫರಿ ಕ್ಷಣದಲ್ಲಿ ನಿರ್ಧರಿಸಬೇಕು. ನಿಯಮವೆಲ್ಲ ಬಾಯಿಪಾಠವಿದ್ದರೂ ನಿಂತ ಜಾಗ ತಪ್ಪಿದರೆ ಕಾಣುವುದು ಬರೀ ಬೆನ್ನುಗಳು.

ದೆಹಲಿಗೆ ಇನ್ನೊಂದು ತೊಡಕೂ ಇದೆ: ಏಳು ಜನರ ಆಟದ ಅನುಭವ ಹದಿನೈದು ಜನರ ಆಟಕ್ಕೆ ಸಾಲದು. 2010ರ ಅಕ್ಟೋಬರ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯದ ಮೈದಾನದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ ರಗ್ಬಿ ಏಳು ಜನರ ಸೆವೆನ್ಸ್ ಆಟವಾಗಿತ್ತು. 2016ರಲ್ಲಿ ಒಲಿಂಪಿಕ್ಸ್‌ಗೆ ಬಂದದ್ದೂ ಅದೇ. ಸೆವೆನ್ಸ್‌ನ ಒಂದು ಅವಧಿ ಏಳೇ ನಿಮಿಷ, ಎರಡೂ ತಂಡ ಭುಜ ಕೊಟ್ಟು ತಳ್ಳುವ ಸ್ಕ್ರಮ್‌ನಲ್ಲಿ ಪ್ರತಿ ತಂಡದಿಂದ ಮೂವರು. ಹದಿನೈದರ ಆಟದಲ್ಲಿ ಅವಧಿ ನಲವತ್ತು ನಿಮಿಷ, ಸ್ಕ್ರಮ್‌ಗೆ ಎಂಟೆಂಟು ಮಂದಿ. ಸೆವೆನ್ಸ್ ನಡೆಸಿದವರಿಗೆ ಓಟ ಪಳಗುತ್ತದೆ. ಎಂಟು ಜನರ ಒತ್ತಡಕ್ಕೆ ಮುಂಸಾಲಿನ ಯಾವ ಭುಜ ಕುಸಿಯಿತು ಎಂದು ಓದುವ ಕಣ್ಣು ಅದರಿಂದ ಬರುವುದಿಲ್ಲ. ಆದ್ದರಿಂದ ನಡೆಸಿದ ಪಂದ್ಯಗಳ ಲೆಕ್ಕ ಹಿಡಿದು ಬಡ್ತಿ ಕೊಡುವುದು ಆಟಗಾರರ ಕುತ್ತಿಗೆಗೆ ಅಪಾಯ ತಂದಂತೆ.

ಹೀಗೆ ಗೆರೆಯಾಚೆ ನಿಂತು ನೋಡುವ ವೀಕ್ಷಕರು ಕೊಡುವ ಅಂಕ ವೈಯಕ್ತಿಕ ಒಲವಿಗೆ ಸಿಲುಕುತ್ತದೆ, ವಿಡಿಯೊ ಸಾಲದೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬೇರೆ ಬೇರೆ ಪಂದ್ಯಗಳನ್ನು ಬೇರೆ ಬೇರೆ ವೀಕ್ಷಕರು ನೋಡಿದರೆ ಒಲವಿನ ಪಾಲು ತಗ್ಗುತ್ತದೆ. ವಿಡಿಯೊ ಬೇಕು, ಆದರೆ ಒಂದು ಬದಿಯಿಂದ ತೆಗೆದ ಚಿತ್ರ ರೆಫರಿ ನಿಂತಲ್ಲಿಂದ ಏನು ಕಾಣುತ್ತಿತ್ತು, ಅವರು ಆಟಗಾರರೊಡನೆ ಯಾವ ದನಿಯಲ್ಲಿ ಮಾತಾಡಿದರು ಎಂಬುದನ್ನು ಹೇಳದು. ದೊಡ್ಡ ತಪ್ಪು ಮಾಡಿದವರನ್ನು ಮೇಲೇರಿಸಬಾರದು ಎಂಬ ವಾದಕ್ಕೆ ಇಂಗ್ಲೆಂಡಿನ ವೇಯ್ನ್ ಬಾರ್ನ್ಸ್ ಉತ್ತರ. 2007ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್‌ನ ಟ್ರೈಗೆ ಮೊದಲು ನಿಯಮ ಮೀರಿ ಮುಂದಕ್ಕೆ ಎಸೆದ ಪಾಸ್ ಅವರ ಕಣ್ತಪ್ಪಿತು; ನ್ಯೂಜಿಲೆಂಡ್ 18–20ರಿಂದ ಸೋತಿತು. 2023ರ ವಿಶ್ವಕಪ್ ಫೈನಲ್ ನಡೆಸಿದವರು ಅವರೇ. ಒಂದು ತಪ್ಪಿಗಿಂತ ವರ್ಷಗಟ್ಟಲೆಯ ತಿದ್ದುಪಡಿ ದೊಡ್ಡದೆಂದು ಆಯ್ಕೆಗಾರರು ಕಂಡಂತಿದೆ. ಡೆಲ್ಲಿ ಹರಿಕೇನ್ಸ್‌ನಂಥ ಕ್ಲಬ್‌ಗಳ ಹದಿನೈದರ ಪಂದ್ಯ ಎಲ್ಲೇ ನಡೆಯಲಿ, ಗೆರೆಯಾಚೆ ಒಬ್ಬ ಹಿರಿಯ ರೆಫರಿಯನ್ನು ಟಿಪ್ಪಣಿ ಪುಸ್ತಕದೊಡನೆ ನಿಲ್ಲಿಸುವ ಕೆಲಸ ಈ ಋತುವಿನಿಂದಲೇ ಶುರುವಾಗಲಿ.