ಹಿಡಿದಿಟ್ಟ ರವಿವಾರಗಳು

ದಾಂಡೇಲಿಯ ಕಾಗದದ ಗಿರಣಿ ಕೆಲಸ ಆರಂಭಿಸಿದ್ದು 1959ರಲ್ಲಿ. ದಿಲ್ಲಿಯಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ ಮೊದಲಾದದ್ದೂ ಅದೇ ವರ್ಷದ ಸೆಪ್ಟೆಂಬರ್ 15ರಂದು. ಆದರೆ ಗಿರಣಿಯ ಊರು ಟಿ.ವಿ.ಯ ಮುಖ ನೋಡಲು ಬಹಳ ವರ್ಷ ಕಾಯಬೇಕಾಯಿತು. ಬೆಂಗಳೂರಿನ ಕೇಂದ್ರವೇ ತೆರೆದದ್ದು 1981ರ ನವೆಂಬರಿನಲ್ಲಿ. ಟಿ.ವಿ.ಯ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗತಕ್ಕವು. ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು. ಬಯಲುಸೀಮೆಗೆ ಮುಖ ಮಾಡಿದ ಹಳಿಯಾಳ, ಮುಂಡಗೋಡಗಳಿಗಿದ್ದ ಅನುಕೂಲ ಕಾಳಿಯ ಕೊಳ್ಳಕ್ಕೂ ಜೊಯಿಡಾದ ಕಾಡಿಗೂ ಇರಲಿಲ್ಲ. ಇಂಥಲ್ಲಿ ಚಿತ್ರವನ್ನು ಹಿಡಿದಿಡುವ ಯಂತ್ರಕ್ಕೆ ಎಷ್ಟು ಬೆಲೆಯೆಂಬುದನ್ನು ಪಟ್ಟಣದವರು ಸುಲಭವಾಗಿ ಅರಿಯಲಾರರು.

ಆ ಯಂತ್ರಗಳಲ್ಲಿ ಎರಡು ಪಂಗಡ. ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರದು, ಜೆ.ವಿ.ಸಿ. ಕಂಪನಿಯ ವಿ.ಎಚ್.ಎಸ್. 1976ರದು. ಒಂದರ ಕ್ಯಾಸೆಟ್ಟು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಇವುಗಳ ಜಗಳದ ಕತೆಯನ್ನು ಎಲ್ಲರೂ ಒಂದೇ ಬಗೆಯಾಗಿ ಹೇಳುವುದುಂಟು: ಬೀಟಾದ ಚಿತ್ರ ಚೆನ್ನ, ಆದರೆ ಕ್ಯಾಸೆಟ್ಟು ಒಂದೇ ಗಂಟೆಯದು, ವಿ.ಎಚ್.ಎಸ್. ಎರಡು ಗಂಟೆ ಓಡುತ್ತಿತ್ತು, ಅದಕ್ಕೇ ಗೆದ್ದಿತು. ಅಮೆರಿಕದ ಆರಂಭಕಾಲದ ಮಟ್ಟಿಗೆ ಮಾತು ಸರಿ. ನಮ್ಮ ಕಡೆಗೆ ಅದು ಸಲ್ಲದು. ಇಲ್ಲಿಯ ಪಾಲ್ ಪದ್ಧತಿಯಲ್ಲಿ ಬೀಟಾದ ಎಲ್-750 ಕ್ಯಾಸೆಟ್ಟು ಮೂರೂಕಾಲು ಗಂಟೆ ಓಡುತ್ತಿತ್ತು, ವಿ.ಎಚ್.ಎಸ್.ನ ಇ-180 ಮೂರೇ ಗಂಟೆ. ಆದರೂ ನಾನು ಕಂಡ ಮನೆಗಳಲ್ಲೆಲ್ಲ ಇದ್ದದ್ದು ವಿ.ಎಚ್.ಎಸ್. ಬಾಡಿಗೆ ಅಂಗಡಿಯಲ್ಲಿ ಸಿಗುತ್ತಿದ್ದ ಸಿನಿಮಾ ಅದರಲ್ಲಿ, ನೆರೆಮನೆಯ ಯಂತ್ರ ಅದೇ. ಕೊಡುಕೊಳ್ಳುವ ಊರಿನಲ್ಲಿ ಬೇರೆ ಅಳತೆಯ ಸೇರು ಇಟ್ಟುಕೊಂಡು ಯಾರು ಬಾಳಿಯಾರು? 1988ರಲ್ಲಿ ಸೋನಿಯೇ ವಿ.ಎಚ್.ಎಸ್. ಯಂತ್ರ ತಯಾರಿಸಲು ತೊಡಗಿತು.

ನಮ್ಮವರಿಗೆ ಇದಕ್ಕಿಂತ ಕಠಿಣವಾದ ಆಯ್ಕೆ ಬೇರೊಂದಿತ್ತು. ವಿ.ಸಿ.ಪಿ. ಕೊಳ್ಳುವುದೋ, ವಿ.ಸಿ.ಆರ್. ಕೊಳ್ಳುವುದೋ? ಮೊದಲನೆಯದು ತೋರಿಸುತ್ತದೆ ಅಷ್ಟೆ; ಅಗ್ಗ. ಎರಡನೆಯದು ಪ್ರಸಾರವನ್ನು ತಾನೇ ಹಿಡಿದು ಮುದ್ರಿಸಿಕೊಳ್ಳುತ್ತದೆ, ದುಬಾರಿ. ಇದ್ದ ಒಂದೇ ವಾಹಿನಿಯನ್ನು ಮುದ್ರಿಸಿ ಇಡುವುದೇಕೆ ಎಂದು ಬುದ್ಧಿವಂತರು ಕೇಳುತ್ತಿದ್ದರು. ಉತ್ತರ ಗಿರಣಿಯ ಸೀಟಿಯಲ್ಲಿತ್ತು. ‘ರಾಮಾಯಣ’ 1987ರ ಜನವರಿ 25ರಿಂದ ರವಿವಾರ ಮುಂಜಾನೆ ಬರತೊಡಗಿತು; ಕಾಗದದ ಯಂತ್ರಕ್ಕೆ ರವಿವಾರವೆಂಬುದಿಲ್ಲ. ಆಗ ನಾನು ದಾಂಡೇಲಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. “ಮಾಸ್ತರ್ರೇ, ಈ ರವಿವಾರ ನಂದು ಫಸ್ಟ್ ಶಿಫ್ಟ್ ಐತ್ರಿ. ಹಿಡದಿಡ್ರಿ, ಸಂಜಿಮುಂದ ಅವ್ವನ್ನೂ ಕರಕೊಂಡ ಬರ್ತೀನಿ” ಎಂದು ನೆರೆಯವರೊಬ್ಬರು ಶನಿವಾರವೇ ಹೇಳಿಹೋಗುತ್ತಿದ್ದರು. ಮುಂಜಾನೆ ಒಂದು ಸಭೆ, ಸಂಜೆ ಇನ್ನೊಂದು. ಸಂಜೆಯ ಸಭೆಯವರು ಗಿರಣಿಯ ವಾಸನೆಯೊಡನೆ ಬಂದು ಕೈಮುಗಿದು ಕೂಡುತ್ತಿದ್ದರು. ಮುದ್ರಿತ ರಾಮನೆಂದು ಅವರ ಭಕ್ತಿಯೇನೂ ಕಡಿಮೆಯಾಗಲಿಲ್ಲ.

ಯಂತ್ರದೊಳಗೆ ಗಡಿಯಾರವೊಂದಿರುತ್ತಿತ್ತು. ಹೊತ್ತು ಗೊತ್ತುಮಾಡಿ ಊರಿಗೆ ಹೋದರೂ ತಾನೇ ಮುದ್ರಿಸಿಡಬೇಕು. ಆದರೆ ಕರೆಂಟು ಹೋಗಿ ಬಂದರೆ ಆ ಗಡಿಯಾರ ಸೊನ್ನೆಗೆ ಮರಳಿ ಮಿಣಮಿಣ ಎನ್ನುತ್ತಿತ್ತು. ಹತ್ತಿರದಲ್ಲೇ ನಾಗಝರಿಯ ವಿದ್ಯುದಾಗಾರ. ಅದಕ್ಕಾಗಿ ಸೂಪಾ ಎಂಬ ಊರೇ ಮುಳುಗಿ ತಾಲೂಕಿನ ಕಚೇರಿ ಜೊಯಿಡಾಕ್ಕೆ ಬಂದಿತ್ತು. ಆದರೂ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಯಂತ್ರದ ಮುಂದೆ ಕಾವಲಿರಲೇಬೇಕಾಗಿತ್ತು.

ಮುಂಡಗೋಡದ ತೊಡಕೇ ಬೇರೆ. ಅಲ್ಲಿ 1966ರಿಂದ ಟಿಬೆಟನ್ನರ ವಸತಿಯಿದೆ. ಅಮೆರಿಕದಲ್ಲಿದ್ದ ಬಂಧು ಅಲ್ಲಿಯ ಟಿ.ವಿ.ಯಿಂದ ಮುದ್ರಿಸಿ ಕಳಿಸಿದ ಕ್ಯಾಸೆಟ್ಟನ್ನು ಕ್ಯಾಂಪಿನ ಪರಿಚಿತರೊಬ್ಬರು ಹಾಕಿದರೆ ಚಿತ್ರ ಉರುಳಿಹೋಗುತ್ತಿತ್ತು. ಕ್ಯಾಸೆಟ್ಟಿನ ಆಕಾರ ಒಂದೇ, ಒಳಗಿನ ಲಿಪಿ ಬೇರೆ: ನಮ್ಮದು 625 ಗೆರೆಗಳ ಪಾಲ್, ಅವರದು 525 ಗೆರೆಗಳ ಎನ್.ಟಿ.ಎಸ್.ಸಿ. ಎರಡನ್ನೂ ಬಲ್ಲ ಯಂತ್ರಕ್ಕೆ ಹೆಚ್ಚು ಹಣ ತೆರಬೇಕು. ಅವರು ತೆತ್ತರು. ಮಗುವಾಗಿದ್ದಾಗ ಬಿಟ್ಟುಹೋದ ತಂಗಿಯ ಪತ್ರದೊಡನೆ ಬಂದ ಕ್ಯಾಸೆಟ್ಟದು. ಅವರಿಗೆ ಬೇರೆ ದಾರಿಯಿರಲಿಲ್ಲ.

ಕ್ಯಾಸೆಟ್ಟಿನ ಬೆನ್ನಿಗೆ ಪುಟ್ಟದೊಂದು ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದರೆ ಮತ್ತೆ ಮೇಲೆ ಮುದ್ರಿಸಲಾಗದು. ಒಂದು ಕ್ಯಾಸೆಟ್ಟಿಗೆ ಸುಮಾರು ನಾಲ್ಕು ರವಿವಾರ. ಹೊಸದಕ್ಕೆ ದುಡ್ಡು ಬೇಕು. ಆದ್ದರಿಂದ ಹಲ್ಲು ಮುರಿಯುವುದೆಂದರೆ ಮನೆಮಂದಿಯೆಲ್ಲ ಕೂಡಿ ಮಾಡುವ ತೀರ್ಮಾನ. ಬಹಳಷ್ಟು ಅಳಿಸಿ ಬರೆದೆವು. ಅಗ್ಗದ ಕಾಲವಾಗಿದ್ದರೆ ಅದೆಲ್ಲ ಉಳಿಯುತ್ತಿತ್ತೇನೋ.

2008ರಲ್ಲಿ ಟಾಟಾ ಸ್ಕೈ ಪ್ಲಸ್ ಎಂಬ ಪೆಟ್ಟಿಗೆ ಬಂತು. ಕ್ಯಾಸೆಟ್ಟಿಲ್ಲ, ಕಾವಲಿಲ್ಲ, ನಡೆಯುತ್ತಿರುವ ಪ್ರಸಾರವನ್ನೇ ನಿಲ್ಲಿಸಿ ಊಟ ಮಾಡಿ ಬರಬಹುದು. ಅನುಕೂಲವೇನೋ ಹೌದು. ಆದರೆ ಮುದ್ರಿಸಿದ್ದನ್ನು ಹೊರಗೆ ತೆಗೆದು ನೆರೆಮನೆಗೆ ಕೊಡುವಂತಿರಲಿಲ್ಲ. ಪೆಟ್ಟಿಗೆ ಕೆಟ್ಟರೆ ಒಳಗಿನದೂ ಹೋಯಿತು. ವಿ.ಎಚ್.ಎಸ್. ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯಿ, 2016ರಲ್ಲಿ ಆ ಕೆಲಸ ನಿಲ್ಲಿಸಿತು.

‘ರಾಮಾಯಣ’ವೇನೋ ಇಂದು ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಕಂತಿಗೂ ಕಂತಿಗೂ ನಡುವೆ ಬಂದ ಜಾಹೀರಾತು, ಪ್ರಸಾರದಲ್ಲಿ ಅಡಚಣೆ ಎಂಬ ಫಲಕ, ಮುಂದಿನ ಕಾರ್ಯಕ್ರಮ ಹೇಳಲು ನಗುತ್ತ ಬಂದ ಹೆಣ್ಣುಮಗಳು, ಇವು ಸಿಕ್ಕುವುದು ಮನೆಯಲ್ಲಿ ಹಿಡಿದಿಟ್ಟ ಕ್ಯಾಸೆಟ್ಟಿನಲ್ಲೇ. ಹಲ್ಲು ಮುರಿದ ಹನ್ನೊಂದು ನನ್ನ ಅಟ್ಟದಲ್ಲಿವೆ. ನಾಲ್ಕರ ಪಟ್ಟಿಯ ಮೇಲೆ ಬಿಳಿಯ ಬೂಷ್ಟು ಬಂದಿದೆ. ಅವನ್ನು ಯಂತ್ರಕ್ಕೆ ಹಾಕಿದರೆ ಉಳಿದವಕ್ಕೂ ಅಂಟೀತೆಂದು ಹುಬ್ಬಳ್ಳಿಯ ರಿಪೇರಿಯವರು ಬೇರೆ ಇಡಿಸಿದ್ದಾರೆ. ಏಳನ್ನು ಈ ಬೇಸಿಗೆಯೊಳಗೆ ಪ್ರತಿ ಮಾಡಿಸಬೇಕು.